ಏರ್ ರೈಫಲ್ ಗ್ರೂಪ್ ಚೆದುರುತ್ತಿದ್ದರೆ: ದೋಷ ಎಲ್ಲಿದೆ ಎಂದು ಹುಡುಕುವ ಬಗೆ

10 ಮೀಟರ್‌ನಲ್ಲಿ ಹೋದ ವಾರದವರೆಗೆ ಒಂದೇ ತೂತಿನಲ್ಲಿ ಕೂರುತ್ತಿದ್ದ ಪೆಲೆಟ್‌ಗಳು (ಸೀಸದ ಸಣ್ಣ ಗುಂಡುಗಳು) ಈಗ ಟಾರ್ಗೆಟ್‌ನ ಒಂಬತ್ತು, ಎಂಟು, ಏಳರ ರಿಂಗ್‌ಗಳಿಗೆ ಚೆಲ್ಲಾಡುತ್ತಿವೆ. ಆಗ ಹೆಚ್ಚಿನವರು ಮಾಡುವ ಮೊದಲ ಕೆಲಸ ಬೇರೆ ಕಂಪನಿಯ ಪೆಲೆಟ್ ಡಬ್ಬಿ ತರಿಸುವುದು, ಎರಡನೆಯದು ಬ್ಯಾರಲ್ (ನಳಿಗೆ) ಉಜ್ಜುವುದು. ಎರಡೂ ಒಮ್ಮೊಮ್ಮೆ ಬೇಕಾಗುತ್ತವೆ, ಆದರೆ ಸರದಿಯಲ್ಲಿ ಅವು ಹಿಂದೆ ಇರಬೇಕು. ಗ್ರೂಪ್, ಅಂದರೆ ಒಂದೇ ಗುರಿಗೆ ಹೊಡೆದ ಪೆಲೆಟ್‌ಗಳ ತೂತುಗಳ ಗುಂಪು, ಕೆಡುವುದು ಬಹುಪಾಲು ಸಡಿಲಾದ ಸ್ಕ್ರೂ, ಜಾರಿದ ಸೈಟ್ (ಗುರಿ ನೋಡುವ ಸಾಧನ), ಇಲ್ಲವೇ ಹೊಡೆಯುವವರ ಬೆರಳಿನಿಂದ. ಕಾಸು ಖರ್ಚಾಗದ ಪರೀಕ್ಷೆಗಳನ್ನೆಲ್ಲ ಮುಗಿಸಿ ಆಮೇಲೆ ಪೆಲೆಟ್‌ಗೆ ಬನ್ನಿ.

ಇಲ್ಲಿ ಹೇಳಿರುವುದು 4.5 ಮಿ.ಮೀ ಏರ್ ರೈಫಲ್‌ಗಳ ಬಗ್ಗೆ: ಸಿಲಿಂಡರ್ ಗಾಳಿಯಲ್ಲಿ ನಡೆಯುವ ಮ್ಯಾಚ್ (ಸ್ಪರ್ಧೆಯ) ರೈಫಲ್, ಮತ್ತು ಬ್ಯಾರಲ್ ಮಡಚಿ ಕಾಕ್ ಮಾಡುವ (ಹೊಡೆಯಲು ಸಜ್ಜು ಮಾಡುವ) ಸ್ಪ್ರಿಂಗ್ ರೈಫಲ್. 2016ರ ಶಸ್ತ್ರಾಸ್ತ್ರ ನಿಯಮಗಳ ಪ್ರಕಾರ 4.5 ಮಿ.ಮೀ ಬೋರ್ ಮತ್ತು 20 ಜೂಲ್ ಶಕ್ತಿ ಮೀರದ ಏರ್ ರೈಫಲ್‌ಗೆ ಲೈಸೆನ್ಸ್ ಬೇಡ. 0.53 ಗ್ರಾಂ ಪೆಲೆಟ್‌ಗೆ 20 ಜೂಲ್ ಎಂದರೆ ಸೆಕೆಂಡಿಗೆ ಸುಮಾರು 275 ಮೀಟರ್ ವೇಗ. ಮ್ಯಾಚ್ ರೈಫಲ್ 170ರ ಆಸುಪಾಸಿನಲ್ಲಿ, ಅಂದರೆ ಏಳೂವರೆ ಜೂಲ್‌ನಲ್ಲಿ, ಕೆಲಸ ಮುಗಿಸುತ್ತದೆ. ಸ್ಪ್ರಿಂಗ್ ಬದಲಿಸಿ ಜೋರು ಮಾಡಿಸುತ್ತೇನೆ ಎನ್ನುವವರು ಗ್ರೂಪ್ ಕೆಡಿಸಿಕೊಳ್ಳುವುದರ ಜೊತೆಗೆ, 20 ಜೂಲ್ ಮೀರಿದರೆ ಕಾನೂನನ್ನೂ ದಾಟುತ್ತಾರೆ. ಇನ್ನು ಮಂಡ್ಯ ಕಡೆಯ ಕಬ್ಬಿನ ಗದ್ದೆಯಲ್ಲಿ ಗೌಜಲಕ್ಕಿ, ಮೊಲಕ್ಕೆ ಗುರಿ ಇಡುವ ಹಳೇ ಚಾಳಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅಪರಾಧ. ಏರ್ ಗನ್ ತಾನೇ ಎಂಬ ವಾದ ಅಲ್ಲಿ ನಡೆಯುವುದಿಲ್ಲ. ಕಾಗದದ ಟಾರ್ಗೆಟ್, ಅದರ ಹಿಂದೆ ಕಬ್ಬಿಣದ ಪೆಲೆಟ್ ಪೆಟ್ಟಿಗೆ, ಅದರ ಹಿಂದೆ ಗೋಡೆ, ಇಷ್ಟಿದ್ದರೆ ಸಾಕು.

ಮೊದಲು ದೋಷವನ್ನು ಅಳೆಯಿರಿ

"ಚೆದುರುತ್ತಿದೆ" ಎಂದರೆ ಎಷ್ಟು? ಅಳತೆ ಇಲ್ಲದಿದ್ದರೆ ನಾಳೆ ಸುಧಾರಿಸಿತೋ ಇಲ್ಲವೋ ಗೊತ್ತಾಗುವುದಿಲ್ಲ.

ಮೇಜಿನ ಮೇಲೆ ಎರಡು ಮರಳಿನ ಚೀಲ ಇಡಿ. ಹಳೇ ಜೀನ್ಸ್ ಪ್ಯಾಂಟಿನ ಕಾಲು ಕತ್ತರಿಸಿ, ಒಣಗಿದ ಎಂ-ಸ್ಯಾಂಡ್ ಮುಕ್ಕಾಲು ಭಾಗ ತುಂಬಿ ಎರಡೂ ಬಾಯಿ ಹೊಲಿದರೆ ಒಳ್ಳೆಯ ಚೀಲ. ಪೂರ್ತಿ ಗಿಡಿದರೆ ರೈಫಲ್ ಅದರಲ್ಲಿ ಕೂರುವುದಿಲ್ಲ. ಮ್ಯಾಚ್ ರೈಫಲ್ ಆದರೆ ಸ್ಟಾಕ್‌ನ (ರೈಫಲ್ ಹಿಡಿಯುವ, ಭುಜಕ್ಕೆ ಒತ್ತುವ ಚೌಕಟ್ಟು) ಮುಂಭಾಗವನ್ನು ನೇರ ಚೀಲದ ಮೇಲಿಡಿ. ಸ್ಪ್ರಿಂಗ್ ರೈಫಲ್ ಆದರೆ ಚೀಲದ ಮೇಲೆ ನಿಮ್ಮ ಅಂಗೈ, ಅಂಗೈ ಮೇಲೆ ರೈಫಲ್. ಯಾವ ಬಗೆಯದಾದರೂ ಬ್ಯಾರಲ್ ಮಾತ್ರ ಎಲ್ಲಿಯೂ ತಾಗಬಾರದು.

ತಾರಸಿಯ ಮೇಲೆ ಪರೀಕ್ಷೆ ಬೇಡ. ಸೆಕೆಂಡಿಗೆ ಒಂದು ಮೀಟರ್ ವೇಗದ ಅಡ್ಡಗಾಳಿ, ಕೆನ್ನೆಗೆ ಹೌದೋ ಅಲ್ಲವೋ ಎಂಬಷ್ಟು, 10 ಮೀಟರ್‌ನಲ್ಲಿ ಸರಿಸುಮಾರು ಒಂದು ರಿಂಗ್ ತಳ್ಳುತ್ತದೆ. ಆಷಾಢದ ಗಾಳಿಯಲ್ಲಿ ಚಾಮುಂಡಿ ಬೆಟ್ಟದ ತಪ್ಪಲಿನ ಮನೆಗಳ ತಾರಸಿಯಲ್ಲಿ ನಿಂತು ರೈಫಲ್ಲಿಗೆ ಬೈದು ಪ್ರಯೋಜನವಿಲ್ಲ. ಒಳಗೆ, ಫ್ಯಾನ್ ಆರಿಸಿ ಹೊಡೆಯಿರಿ.

ತಲಾ 10 ಪೆಲೆಟ್‌ನ ಮೂರು ಗ್ರೂಪ್ ಹೊಡೆಯಿರಿ. ಪ್ರತಿ ಗ್ರೂಪಿನ ಹೊರ ಅಂಚಿನಿಂದ ಹೊರ ಅಂಚಿಗೆ ವರ್ನಿಯರ್‌ನಲ್ಲಿ ಅಳೆದು 4.5 ಮಿ.ಮೀ ಕಳೆಯಿರಿ. ಅದು ನಡುವಿನಿಂದ ನಡುವಿಗೆ ಇರುವ ಅಂತರ. ಮ್ಯಾಚ್ ರೈಫಲ್ ಚೀಲದ ಮೇಲಿಂದ 3 ಮಿ.ಮೀ ಒಳಗೆ ಬರಬೇಕು. ಸಾಧಾರಣ ಸ್ಪ್ರಿಂಗ್ ರೈಫಲ್ 10ರಿಂದ 15 ಮಿ.ಮೀ ಕೊಟ್ಟರೆ ಅದರಲ್ಲಿ ದೋಷ ಹುಡುಕಬೇಡಿ, ಅದರ ಯೋಗ್ಯತೆಯೇ ಅಷ್ಟು.

5 ಪೆಲೆಟ್‌ನ ಒಂದು ಗ್ರೂಪ್ ನೋಡಿ ತೀರ್ಮಾನಕ್ಕೆ ಬರುವುದು ಈ ಕೆಲಸದ ದೊಡ್ಡ ಪಿಡುಗು. ಅದೇ ರೈಫಲ್, ಅದೇ ಪೆಲೆಟ್, ಅದೇ ಕೈ ಇದ್ದರೂ 5ರ ಗ್ರೂಪ್ ಒಮ್ಮೆ 2 ಮಿ.ಮೀ, ಇನ್ನೊಮ್ಮೆ 4 ಮಿ.ಮೀ ಬರುವುದು ಸಹಜ. 10ರ ಗ್ರೂಪ್ ಸರಾಸರಿಯಲ್ಲಿ 5ರ ಗ್ರೂಪಿಗಿಂತ ಕಾಲು ಪಾಲು ದೊಡ್ಡದಾಗಿಯೇ ಇರುತ್ತದೆ. ಆದ್ದರಿಂದ ಇವೆರಡನ್ನು ಹೋಲಿಸಲೂ ಬೇಡಿ.

ಇನ್ನೊಂದು ಪುಕ್ಕಟೆ ಪರೀಕ್ಷೆ: ರೈಫಲನ್ನು ಚೆನ್ನಾಗಿ ಹೊಡೆಯುವ ಇನ್ನೊಬ್ಬರ ಕೈಗೆ ಕೊಡಿ. ಅವರಿಗೆ ಗ್ರೂಪ್ ಬಂದರೆ ಕೆಳಗಿನ ಮುಕ್ಕಾಲು ಭಾಗ ಓದುವ ಅಗತ್ಯವಿಲ್ಲ, ನೇರವಾಗಿ ಕೊನೆಯ ಭಾಗಕ್ಕೆ ಹೋಗಿ.

ಗ್ರೂಪಿನ ಆಕಾರ ಏನು ಹೇಳುತ್ತದೆ

ಮೂರು ಟಾರ್ಗೆಟ್‌ಗಳನ್ನೂ ಒಂದರ ಮೇಲೊಂದು ಇಟ್ಟು ಬೆಳಕಿಗೆ ಹಿಡಿದರೆ ಆಕಾರ ಕಾಣುತ್ತದೆ. ಮೇಲೆ-ಕೆಳಗೆ ಉದ್ದಕ್ಕೆ ಹರಡಿದ್ದರೆ ಪೆಲೆಟ್‌ನ ವೇಗ ಒಂದೇ ಸಮ ಇಲ್ಲ, ಇಲ್ಲವೇ ಕೆನ್ನೆ ಪ್ರತಿ ಸಲ ಬೇರೆ ಎತ್ತರದಲ್ಲಿ ಕೂರುತ್ತಿದೆ. ಅಡ್ಡಕ್ಕೆ ಹರಡಿದ್ದರೆ ರೈಫಲ್ ಓರೆಯಾಗುತ್ತಿದೆ, ಟ್ರಿಗರ್ ಪಕ್ಕಕ್ಕೆ ಎಳೆಯುತ್ತಿದೆ, ಸ್ಪ್ರಿಂಗ್ ರೈಫಲ್ ಆದರೆ ಬ್ಯಾರಲ್ ಮಡಚುವ ಕೀಲಿನಲ್ಲಿ ಅಡ್ಡ ಆಟ ಇದೆ. ಎರಡು ಬಿಗಿಯಾದ ಗುಂಪು, ನಡುವೆ ಖಾಲಿ ಜಾಗ ಇದ್ದರೆ ಖುಷಿಪಡಿ: ಯಾವುದೋ ಒಂದು ಭಾಗ ಎರಡು ಜಾಗಗಳ ನಡುವೆ ಜಿಗಿಯುತ್ತಿದೆ, ಅದು ಬಹುತೇಕ ಸ್ಕ್ರೂ ಅಥವಾ ಸೈಟ್. ಗ್ರೂಪ್ ಚಿಕ್ಕದೇ ಇದ್ದು, ಹೊಡೆದಂತೆಲ್ಲ ಒಂದೇ ದಿಕ್ಕಿಗೆ ತೆವಳುತ್ತಿದ್ದರೆ ಸ್ಕೋಪ್ (ಗುರಿ ನೋಡುವ ದೂರದರ್ಶಕ) ಹಿಡಿಸುವ ಮೌಂಟ್ ಜಾರುತ್ತಿದೆ ಅಥವಾ ಸಿಲಿಂಡರ್ ಒತ್ತಡ ಇಳಿಯುತ್ತಿದೆ.

ಎಲ್ಲ ಕಡೆಗೂ ದುಂಡಗೆ ಹಿಗ್ಗಿದ ಗ್ರೂಪ್ ಮಾತ್ರ ಪೆಲೆಟ್, ಬ್ಯಾರಲ್, ಬ್ಯಾರಲ್ ತುದಿ, ಈ ಮೂರರತ್ತ ಬೊಟ್ಟು ಮಾಡುತ್ತದೆ.

ಸ್ಕ್ರೂಗಳು

ರೈಫಲ್ ಖಾಲಿ ಇದೆ, ಕಾಕ್ ಆಗಿಲ್ಲ ಎಂದು ಎರಡು ಸಲ ನೋಡಿ. ಸ್ಟಾಕ್ ಹಿಡಿಯುವ ಸ್ಕ್ರೂಗಳನ್ನು ಸರಿಯಾದ ಅಳತೆಯ ಆಲನ್ ಕೀ ಅಥವಾ ಅಗಲವಾದ ಸ್ಕ್ರೂಡ್ರೈವರ್‌ನಿಂದ ಪರೀಕ್ಷಿಸಿ. ಸ್ಪ್ರಿಂಗ್ ರೈಫಲ್‌ನಲ್ಲಿ ಮುಂಭಾಗದ ಎರಡು ಪಕ್ಕದ ಸ್ಕ್ರೂ ಮತ್ತು ಟ್ರಿಗರ್ ಗಾರ್ಡ್‌ನ ಮುಂದಿನ ಸ್ಕ್ರೂ ಸಡಿಲಾಗುವುದು ಅದರ ಹುಟ್ಟುಗುಣ. ಒಳಗೆ ಪಿಸ್ಟನ್ ಮುಂದಕ್ಕೆ ಹಾರಿ, ಗಾಳಿಯ ಮೆತ್ತೆಗೆ ಬಡಿದು ಹಿಂದಕ್ಕೆ ಪುಟಿಯುತ್ತದೆ. ಪ್ರತಿ ಗುಂಡಿಗೂ ಹಿಂದೆ ಒಂದು, ಮುಂದೆ ಒಂದು ಒದೆತ. ನೂರಿನ್ನೂರು ಗುಂಡು ಹೊಡೆಯುವಷ್ಟರಲ್ಲಿ ಕಾಲು ಸುತ್ತು ಬಿಚ್ಚಿಕೊಂಡಿರುತ್ತವೆ.

ಸ್ಕ್ರೂ ಬಿಚ್ಚಿ, ಮರೆಯನ್ನು (ಥ್ರೆಡ್) ಐಸೋಪ್ರೊಪೈಲ್ ಆಲ್ಕೋಹಾಲ್‌ನಿಂದ ಒರೆಸಿ, ಒಣಗಿದ ಮೇಲೆ ನೀಲಿ ಬಣ್ಣದ ಲಾಕ್‌ಟೈಟ್ 243 ಒಂದು ಹನಿ ಹಚ್ಚಿ ಬಿಗಿಮಾಡಿ. ಕೆಂಪು ಬಣ್ಣದ್ದು ಬೇಡ, ಆಮೇಲೆ ಬಿಚ್ಚಲು ಕಾಯಿಸಬೇಕಾಗುತ್ತದೆ. ಎರಡು ಪಕ್ಕದ ಸ್ಕ್ರೂಗಳನ್ನು ಒಂದಾದ ಮೇಲೊಂದು ಸ್ವಲ್ಪ ಸ್ವಲ್ಪವೇ ಬಿಗಿಮಾಡಿ. ಒಂದನ್ನು ಪೂರ್ತಿ ಬಿಗಿದು ಆಮೇಲೆ ಇನ್ನೊಂದಕ್ಕೆ ಹೋದರೆ ಸ್ಟಾಕ್ ಒಂದು ಕಡೆಗೆ ಎಳೆದುಕೊಳ್ಳುತ್ತದೆ. ಮ್ಯಾಚ್ ರೈಫಲ್‌ಗೆ ಕೈಪಿಡಿಯಲ್ಲಿ ಟಾರ್ಕ್ ಕೊಟ್ಟಿರುತ್ತಾರೆ, ಟಾರ್ಕ್ ಕೀ ಬಳಸಿ. ಕೈ ಅಂದಾಜು ಬೆಳಿಗ್ಗೆ ಒಂದು, ಸಂಜೆ ಒಂದು.

ಬಿಗಿದ ಮೇಲೆ ಸ್ಕ್ರೂ ತಲೆಯಿಂದ ಪಕ್ಕದ ಲೋಹದವರೆಗೆ ನೇಲ್ ಪಾಲಿಶ್‌ನಲ್ಲಿ ಒಂದು ತೆಳ್ಳನೆಯ ಗೆರೆ ಎಳೆಯಿರಿ. ಮುಂದಿನ ಸಲ ಗೆರೆ ಮುರಿದಿದ್ದರೆ ಸ್ಕ್ರೂ ತಿರುಗಿದೆ ಎಂದು ಕಣ್ಣಿಗೇ ಕಾಣುತ್ತದೆ.

ಮರದ ಸ್ಟಾಕ್ ಇದ್ದರೆ ಮಳೆಗಾಲದಲ್ಲಿ ಮರ ಉಬ್ಬಿ ಬೇಸಿಗೆಯಲ್ಲಿ ಕುಗ್ಗುತ್ತದೆ. ಏಪ್ರಿಲ್‌ನ ಮಂಡ್ಯ ಬಿಸಿಲಿನಲ್ಲಿ ಬಿಗಿಯಾಗಿದ್ದದ್ದು ಜುಲೈನಲ್ಲಿ ಹಾಗೆಯೇ ಇರುತ್ತದೆ ಎಂದುಕೊಳ್ಳಬೇಡಿ. ಋತು ಬದಲಾದಾಗಲೊಮ್ಮೆ ನೋಡಿ.

ಸ್ಪ್ರಿಂಗ್ ರೈಫಲ್‌ನ ಬ್ಯಾರಲ್ ಮುಚ್ಚಿ, ತುದಿ ಹಿಡಿದು ಎಡಕ್ಕೂ ಬಲಕ್ಕೂ ಅಲುಗಾಡಿಸಿ. ಕೀಲಿನಲ್ಲಿ ಟಕ್ ಎಂಬ ಸದ್ದು ಬಂದರೆ ಅಥವಾ ಬೆರಳಿಗೆ ಆಟ ತಿಳಿದರೆ ಪಿವೋಟ್ ಬೋಲ್ಟ್ ಬಿಗಿಮಾಡಿ. ಪಿವೋಟ್ ಬೋಲ್ಟ್ ಬದಲು ಬರೀ ಪಿನ್ ಇರುವ ಮಾದರಿಗಳಲ್ಲಿ ಇದನ್ನು ಮನೆಯಲ್ಲಿ ಸರಿಮಾಡಲು ಆಗುವುದಿಲ್ಲ.

ಸೈಟ್ ಮತ್ತು ಸ್ಕೋಪ್

ಸ್ಕೋಪ್ ಇರುವ ಸ್ಪ್ರಿಂಗ್ ರೈಫಲ್‌ನಲ್ಲಿ ಮೌಂಟ್‌ನ ಹಿಂದೆ, ಅದು ಕೂರುವ ಲೋಹದ ಪಟ್ಟಿಯ (ರೈಲ್) ಮೇಲೆ ಪೆನ್ಸಿಲ್ ಗೆರೆ ಎಳೆದು 20 ಗುಂಡು ಹೊಡೆಯಿರಿ. ಗೆರೆಗೂ ಮೌಂಟ್‌ಗೂ ನಡುವೆ ಕೂದಲೆಳೆಯ ಸಂದು ಬಿದ್ದರೂ ಜಾರುತ್ತಿದೆ. ಸ್ಟಾಪ್ ಪಿನ್ ಇರುವ ಮೌಂಟ್ ಬೇಕು. ಬೆಂಕಿ ಬಂದೂಕಿಗೆ ಮಾಡಿದ ಸ್ಕೋಪ್ ಸ್ಪ್ರಿಂಗ್ ರೈಫಲ್‌ನ ಆ ಎರಡು ದಿಕ್ಕಿನ ಒದೆತಕ್ಕೆ ಒಳಗಿನಿಂದಲೇ ಬಿಚ್ಚಿಕೊಳ್ಳುವುದುಂಟು. ಡಬ್ಬಿಯ ಮೇಲೆ ಏರ್ ಗನ್‌ಗೆ ಎಂದು ಬರೆದದ್ದನ್ನೇ ಕೊಳ್ಳಿ.

ಪ್ಯಾರಲ್ಯಾಕ್ಸ್, ಅಂದರೆ ಕಣ್ಣಿನ ಜಾಗ ಬದಲಾದಂತೆ ಗುರಿಗೆರೆ ಸರಿದಂತೆ ಕಾಣುವುದು, ಇನ್ನೊಂದು ಕಳ್ಳ. ಸಾಮಾನ್ಯ ಸ್ಕೋಪ್‌ಗಳನ್ನು 100 ಗಜಕ್ಕೆ ಹೊಂದಿಸಿರುತ್ತಾರೆ. 10 ಮೀಟರ್‌ನಲ್ಲಿ ರೈಫಲ್ ಅಲುಗದಂತೆ ಚೀಲದ ಮೇಲಿಟ್ಟು, ತಲೆಯನ್ನು ಮಾತ್ರ ಮೇಲೆ-ಕೆಳಗೆ ಆಡಿಸಿ ನೋಡಿ. ಕ್ರಾಸ್‌ಹೇರ್ ಟಾರ್ಗೆಟ್ ಮೇಲೆ ಓಡಾಡಿದರೆ, ಕೆನ್ನೆ ಕೂರುವ ಜಾಗ ಬದಲಾದಷ್ಟೂ ಗ್ರೂಪ್ ಹಿಗ್ಗುತ್ತದೆ. 10 ಮೀಟರ್‌ವರೆಗೆ ಇಳಿಸಬಹುದಾದ ಫೋಕಸ್ ರಿಂಗ್ ಇರುವ ಸ್ಕೋಪ್ ಇದಕ್ಕೆ ಮದ್ದು.

ಡಯಾಪ್ಟರ್ ಸೈಟ್ (ಸಣ್ಣ ತೂತಿನ ಮೂಲಕ ನೋಡುವ ಹಿಂದಿನ ಸೈಟ್) ಇರುವವರು ಚೌಕದ ಪರೀಕ್ಷೆ ಮಾಡಿ. 3 ಗುಂಡು ಹೊಡೆದು 10 ಕ್ಲಿಕ್ ಮೇಲೆ, ಮತ್ತೆ 3 ಗುಂಡು ಹೊಡೆದು 10 ಕ್ಲಿಕ್ ಬಲಕ್ಕೆ, ಹಾಗೆಯೇ 10 ಕೆಳಗೆ, 10 ಎಡಕ್ಕೆ. ಕೊನೆಯ 3 ಗುಂಡು ಮೊದಲಿನ 3ರ ಮೇಲೆಯೇ ಬೀಳಬೇಕು. ಬೀಳದಿದ್ದರೆ ಸೈಟ್‌ನ ಒಳಮರೆ ಸವೆದಿದೆ ಅಥವಾ ರೈಲಿಗೆ ಹಿಡಿಯುವ ಸ್ಕ್ರೂ ಸಡಿಲ. ಮುಂದಿನ ಸೈಟ್‌ನೊಳಗಿನ ರಿಂಗ್ ಹಾಕುವ ಮುಚ್ಚಳವನ್ನೂ ಬಿಗಿಮಾಡಿ. ಅದು ಅರೆಸಡಿಲಾಗಿ ಗಿರಗಿರ ಅನ್ನುತ್ತಿರುವುದನ್ನು ಯಾರೂ ಗಮನಿಸುವುದೇ ಇಲ್ಲ.

ಗಾಳಿ ಮತ್ತು ವೇಗ

170 ಮೀಟರ್ ವೇಗದ ಪೆಲೆಟ್ 10 ಮೀಟರ್ ಮುಟ್ಟಲು ಸುಮಾರು 0.06 ಸೆಕೆಂಡ್ ತೆಗೆದುಕೊಳ್ಳುತ್ತದೆ. ಅಷ್ಟರಲ್ಲಿ 17-18 ಮಿ.ಮೀ ಕೆಳಗೆ ಬೀಳುತ್ತದೆ, ಅದನ್ನು ಸೈಟ್ ಸರಿದೂಗಿಸಿರುತ್ತದೆ. ವೇಗ 5 ಮೀಟರ್ ಕಡಿಮೆಯಾದರೆ ಇನ್ನೂ 1 ಮಿ.ಮೀ ಕೆಳಗೆ ಬೀಳುತ್ತದೆ. ಟಾರ್ಗೆಟ್‌ನಲ್ಲಿ ಒಂದು ರಿಂಗ್‌ನ ಅಗಲ 2.5 ಮಿ.ಮೀ, ದಶಾಂಶದ ಒಂದು ಹೆಜ್ಜೆ 0.25 ಮಿ.ಮೀ. ಅಂದರೆ 5 ಮೀಟರ್ ವ್ಯತ್ಯಾಸಕ್ಕೆ 0.4 ಅಂಕ ಹೋಯಿತು. 60 ಗುಂಡಿನ ಸ್ಪರ್ಧೆಯಲ್ಲಿ ಇದು ದೊಡ್ಡದೇ, ಆದರೆ ಎಂಟು-ಏಳಕ್ಕೆ ಬೀಳುವುದಕ್ಕೆ ಇದೊಂದೇ ಕಾರಣ ಆಗಲಾರದು.

ಕ್ರೋನೋಗ್ರಾಫ್ (ಗುಂಡಿನ ವೇಗ ಅಳೆಯುವ ಯಂತ್ರ) ಸಿಕ್ಕರೆ 20 ಗುಂಡು ಹೊಡೆದು ಗರಿಷ್ಠ-ಕನಿಷ್ಠ ಬರೆದಿಡಿ. ಮ್ಯಾಚ್ ರೈಫಲ್‌ನಲ್ಲಿ ಅಂತರ 3-4 ಮೀಟರ್ ಮೀರಬಾರದು. ಸ್ಪ್ರಿಂಗ್‌ನಲ್ಲಿ 6-8 ಇದ್ದರೂ ನಡೆಯುತ್ತದೆ. ಐದು ನಿಮಿಷ ಬಿಟ್ಟು ಹೊಡೆದ ಮೊದಲ ಗುಂಡು ಪ್ರತಿ ಸಲ ಬೇರೆ ವೇಗ ತೋರಿಸಿ, ಎರಡನೆಯದರಿಂದ ಸರಿಹೋದರೆ ಪ್ರತಿ ಗುಂಡಿಗೂ ಒಂದೇ ಒತ್ತಡದ ಗಾಳಿ ಕೊಡಬೇಕಾದ ರೆಗ್ಯುಲೇಟರ್ ಒತ್ತಡವನ್ನು ಹಿಡಿದಿಡುತ್ತಿಲ್ಲ. ಅದರ ಸೀಲ್ ಬದಲಿಸಬೇಕು, ಅದು ತರಬೇತಿ ಇದ್ದವರ ಕೆಲಸ. ಅಲ್ಲಿಯವರೆಗೆ ಬಿಡುವಿನ ನಂತರದ ಮೊದಲ ಗುಂಡನ್ನು ಪೆಲೆಟ್ ಪೆಟ್ಟಿಗೆಗೆ ಹೊಡೆದು ಕಳೆಯಿರಿ.

ಪೆಲೆಟ್ ತುಂಬುವ ಬಾಯಿಯ (ಬ್ರೀಚ್) ಓ-ರಿಂಗ್, ಅಂದರೆ ಗಾಳಿ ತಡೆಯುವ ರಬ್ಬರ್ ಬಳೆಯ ಪರೀಕ್ಷೆ ಸುಲಭ. ಟಿಶ್ಯೂ ಕಾಗದದ ಬೆರಳಗಲದ ಪಟ್ಟಿಯನ್ನು ಬ್ರೀಚ್ ಸಂದಿನ ಮೇಲೆ ಸಡಿಲವಾಗಿ ಇಟ್ಟು ಪೆಲೆಟ್ ಹಾಕಿಯೇ ಹೊಡೆಯಿರಿ. ಪಟ್ಟಿ ಹಾರಿದರೆ ಗಾಳಿ ಅಲ್ಲಿಂದ ಸೋರುತ್ತಿದೆ. ಓ-ರಿಂಗ್ ಅಳತೆ ಕೈಪಿಡಿಯಲ್ಲಿ ಇರುತ್ತದೆ. ಮೈಸೂರಿನ ಸಂತೇಪೇಟೆಯ ಹಾರ್ಡ್‌ವೇರ್ ಅಂಗಡಿಗಳಲ್ಲಿ ಹಳೆಯದನ್ನು ಹಿಡಿದು "ಇಂಥದ್ದು ಕೊಡಿ" ಎಂದರೆ ನೀರಿನ ಫಿಟ್ಟಿಂಗ್‌ನ ವಾಷರ್ ಸಿಗುತ್ತದೆ. ಹತ್ತಿರದ ಅಳತೆ ಇಲ್ಲಿ ಸಾಲದು, ಒಳವ್ಯಾಸ, ದಪ್ಪ ಎರಡೂ ಬರೆದುಕೊಂಡು ಹೋಗಿ.

ಸಿಲಿಂಡರ್‌ಗೆ ಒಣ ಗಾಳಿ ಬೇಕು. ಮಳೆಗಾಲದಲ್ಲಿ ಕೈಪಂಪಿನಿಂದ ತುಂಬುವವರು ತೇವ ಹೀರುವ ಫಿಲ್ಟರ್ ಇಲ್ಲದೆ ತುಂಬಬೇಡಿ, ಒಳಗೆ ನೀರು ನಿಂತು ವಾಲ್ವ್ ತುಕ್ಕು ಹಿಡಿಯುತ್ತದೆ. ನಿಧಾನವಾಗಿ ತುಂಬಿ. ಬೇಗ ತುಂಬಿದರೆ ಗಾಳಿ ಬಿಸಿಯಾಗಿ ಮೀಟರ್ 200 ಬಾರ್ ತೋರಿಸುತ್ತದೆ, ತಣ್ಣಗಾದ ಮೇಲೆ ಇಳಿದಿರುತ್ತದೆ. ಆಸ್ಪತ್ರೆಯ ಅಥವಾ ವೆಲ್ಡಿಂಗ್ ಅಂಗಡಿಯ ಆಕ್ಸಿಜನ್ ಸಿಲಿಂಡರ್‌ನಿಂದ ಎಂದೂ ತುಂಬಬೇಡಿ: ಹೆಚ್ಚು ಒತ್ತಡದ ಆಕ್ಸಿಜನ್‌ಗೆ ಗ್ರೀಸಿನ ಕಲೆ ತಾಗಿದರೂ ಸ್ಫೋಟವಾಗುತ್ತದೆ. ಸಿಲಿಂಡರ್ ಮೇಲಿನ ತಯಾರಿಕೆಯ ದಿನಾಂಕ ನೋಡಿ. ಮ್ಯಾಚ್ ರೈಫಲ್‌ಗಳ ಅಲ್ಯೂಮಿನಿಯಂ ಸಿಲಿಂಡರ್‌ಗೆ ಸಾಮಾನ್ಯವಾಗಿ 10 ವರ್ಷದ ಅವಧಿ. ಬಿಸಿಲಲ್ಲಿ ನಿಲ್ಲಿಸಿದ ಕಾರಿನಲ್ಲಿ ಅದನ್ನು ಬಿಡುವ ಮಾತೇ ಬೇಡ.

ಸ್ಪ್ರಿಂಗ್ ರೈಫಲ್‌ನಲ್ಲಿ ಹೊಡೆದಾಗ ಹೊಗೆ, ಸುಟ್ಟ ಎಣ್ಣೆಯ ವಾಸನೆ, ಎಂದಿಗಿಂತ ಜೋರು ಸದ್ದು ಬಂದರೆ ಪಿಸ್ಟನ್ ಮುಂದಿನ ಕೋಣೆಗೆ ಎಣ್ಣೆ ಸೇರಿ ಉರಿಯುತ್ತಿದೆ. ಹೊಲಿಗೆ ಮೆಷಿನ್ ಎಣ್ಣೆ, ತೆಂಗಿನೆಣ್ಣೆ ಬಿಟ್ಟವರ ರೈಫಲ್‌ನಲ್ಲಿ ಇದು ಖಾಯಂ. ಹೊಸ ರೈಫಲ್‌ನಲ್ಲಿ ನೂರಿನ್ನೂರು ಗುಂಡಿನೊಳಗೆ ತಾನಾಗಿ ನಿಲ್ಲುತ್ತದೆ. ನಿಲ್ಲದಿದ್ದರೆ ಬಿಚ್ಚಿ ಒರೆಸಬೇಕು. ಸ್ಪ್ರಿಂಗ್ ಕಂಪ್ರೆಸರ್ ಇಲ್ಲದೆ ಬಿಚ್ಚಲು ಹೋಗಬೇಡಿ, ಹಿಂದಿನ ಕ್ಯಾಪ್ ಮುಖಕ್ಕೆ ಹಾರುತ್ತದೆ.

ಬ್ಯಾರಲ್

ಏರ್ ರೈಫಲ್‌ನ ಬ್ಯಾರಲ್ ಹೆಚ್ಚು ಉಜ್ಜಿಸಿಕೊಳ್ಳಲು ಇಷ್ಟಪಡುವುದಿಲ್ಲ. ಗ್ರೂಪ್ ನಿಧಾನವಾಗಿ ಹಿಗ್ಗಿದ್ದರೆ ಮಾತ್ರ ಶುಚಿ ಮಾಡಿ. ಮೆತ್ತನೆಯ ದಾರದ ಪುಲ್-ಥ್ರೂ ಅನ್ನು ಬ್ರೀಚ್‌ನಿಂದ ತುದಿಯ ಕಡೆಗೆ ಎಳೆಯಿರಿ, ಒಂದೇ ದಿಕ್ಕಿಗೆ. ಬಟ್ಟೆ ಕಪ್ಪು ಬರುವುದು ನಿಂತ ಮೇಲೆ ನಿಲ್ಲಿಸಿ. ಹಿತ್ತಾಳೆ ಬ್ರಶ್, ಕಬ್ಬಿಣದ ಕಡ್ಡಿ ಎರಡೂ ಬೇಡ. ಫೆಲ್ಟ್ ಪೆಲೆಟ್ ಹೊಡೆದು ಶುಚಿ ಮಾಡುವುದು ಮ್ಯಾಚ್ ರೈಫಲ್‌ಗೆ ಸರಿ. ಸ್ಪ್ರಿಂಗ್‌ನಲ್ಲಿ ಅದು ಖಾಲಿ ಹೊಡೆದ ಹಾಗೆ, ಪಿಸ್ಟನ್ ತಲೆ ಬಡಿಯುತ್ತದೆ. ಶುಚಿ ಮಾಡಿದ ಮೇಲೆ ಮೊದಲ 15-20 ಗುಂಡು ಲೆಕ್ಕಕ್ಕಿಲ್ಲ: ಸೀಸದ ತೆಳು ಪೊರೆ ಮತ್ತೆ ಕೂರಬೇಕು.

ಬ್ಯಾರಲ್ ತುದಿಯ ಅಂಚಿಗೆ ಕಿವಿಯ ಹತ್ತಿಕಡ್ಡಿ ಪರೀಕ್ಷೆ. ಕಡ್ಡಿಯನ್ನು ತುಸು ಒಳಕ್ಕೆ ತೂರಿ, ಅಂಚಿಗೆ ಒತ್ತುತ್ತ ಸುತ್ತ ಎಳೆಯಿರಿ. ಒಂದೇ ಜಾಗದಲ್ಲಿ ಹತ್ತಿಯ ಎಳೆ ಸಿಕ್ಕಿಕೊಂಡರೆ ಅಲ್ಲಿ ಮುಳ್ಳೆದ್ದಿದೆ. ಪೆಲೆಟ್ ಹೊರಬೀಳುವ ಗಳಿಗೆಯಲ್ಲಿ ಗಾಳಿ ಆ ಕಡೆಯಿಂದ ಮೊದಲು ನುಗ್ಗಿ ಅದನ್ನು ಓರೆ ಮಾಡುತ್ತದೆ. ನೆಲಕ್ಕೆ ಬಿದ್ದ ರೈಫಲ್‌ನಲ್ಲಿ ಮೊದಲು ನೋಡಬೇಕಾದದ್ದು ಇದನ್ನೇ.

ಈಗ ಪೆಲೆಟ್

ಮೇಲಿನದೆಲ್ಲ ಸರಿ ಇದ್ದೂ ಗ್ರೂಪ್ ದುಂಡಗೆ ಹಿಗ್ಗಿದ್ದರೆ ಪೆಲೆಟ್‌ಗೆ ಕೈ ಹಾಕಿ. ಚಪ್ಪಟೆ ತಲೆಯ ವಾಡ್‌ಕಟರ್ ಮಾತ್ರ, ಕಾಗದದಲ್ಲಿ ತೂತು ಸ್ಪಷ್ಟವಾಗಿ ಕತ್ತರಿಸುವುದು ಅದೇ. ಡಬ್ಬಿಯ ಮೇಲೆ ತಲೆಯ ಅಳತೆ ಬರೆದಿರುತ್ತದೆ: 4.49, 4.50, 4.51. ಈ 0.01 ಮಿ.ಮೀ ತಮಾಷೆಯಲ್ಲ. ತಲೆ ಬ್ಯಾರಲ್ ಒಳಗಿನ ಸುರುಳಿ ಕೊರೆಗೆರೆಯಲ್ಲಿ ಸಡಿಲವಾದರೆ ಪೆಲೆಟ್ ತೊನೆಯುತ್ತ ಸಾಗುತ್ತದೆ, ಬಿಗಿಯಾದರೆ ವೇಗ ಏರುಪೇರಾಗುತ್ತದೆ. ಒಂದೇ ಕಂಪನಿಯ ಒಂದೇ ತೂಕದ ಪೆಲೆಟ್‌ನಲ್ಲಿ ಮೂರು ತಲೆ ಅಳತೆ ತರಿಸಿ. ಅಳತೆ ಬದಲಿಸಿದಾಗಲೊಮ್ಮೆ 10 ಗುಂಡು ಸುಮ್ಮನೆ ಹೊಡೆದು, ಆಮೇಲೆ 10ರ ಮೂರು ಗ್ರೂಪ್. ಸರಾಸರಿಯಲ್ಲಿ ಅರ್ಧ ಮಿ.ಮೀಗಿಂತ ಕಡಿಮೆ ವ್ಯತ್ಯಾಸ ಬಂದರೆ ಅಗ್ಗದ್ದನ್ನು ಕೊಳ್ಳಿ. ಹೊಂದಿದ ಡಬ್ಬಿಯ ಬ್ಯಾಚ್ ಸಂಖ್ಯೆ ಬರೆದಿಟ್ಟುಕೊಂಡು ಅದೇ ಬ್ಯಾಚ್ ಐದಾರು ಡಬ್ಬಿ ತೆಗೆದಿಡಿ.

ಪೆಲೆಟ್ ತೂಗುವ ಹುಚ್ಚು ಬೇಡ. ಚಿನ್ನದಂಗಡಿಯವರ 0.01 ಗ್ರಾಂ ತಕ್ಕಡಿಯಲ್ಲಿ ಒಂದು ಅಂಕಿ ಹೆಚ್ಚು ಬಂದ ಪೆಲೆಟ್, ಅಂದರೆ ಸುಮಾರು ಶೇಕಡಾ 2 ಭಾರ, ವೇಗವನ್ನು ಶೇಕಡಾ 1ರಷ್ಟು ಇಳಿಸುತ್ತದೆ. ಟಾರ್ಗೆಟ್‌ನಲ್ಲಿ ಅದು 0.3 ಮಿ.ಮೀ ಆಸುಪಾಸು. ಅದಕ್ಕಿಂತ ಸ್ಕರ್ಟ್ (ಪೆಲೆಟ್‌ನ ಹಿಂದಿನ ಟೊಳ್ಳು ಅಂಚು) ನೋಡಿ. ತುಸು ಓರೆ ಮಾಡಿದ ಗಾಜಿನ ಮೇಲೆ ಪೆಲೆಟ್ ಉರುಳಿಸಿದರೆ ಒಳ್ಳೆಯದು ಸಮನಾದ ಕಮಾನಿನಲ್ಲಿ ತಿರುಗುತ್ತದೆ. ಸ್ಕರ್ಟ್ ನಗ್ಗಿದ್ದು ಕುಂಟುತ್ತ ಉರುಳಿ ಅಡ್ಡ ಹೋಗುತ್ತದೆ. ಕೊರಿಯರ್‌ನಲ್ಲಿ ಕುಲುಕಾಡಿ ಬಂದ ಡಬ್ಬಿಯಲ್ಲಿ ಇಂಥವು ತುಂಬ. ಬಿಗಿ ಗ್ರೂಪಿನಿಂದ ಒಂದೇ ಒಂದು ಹೊರಗೆ ಬೀಳುವುದಕ್ಕೆ ಇದೂ ಒಂದು ಕಾರಣ.

ತೇವಕ್ಕೆ ಸೀಸದ ಮೇಲೆ ಬಿಳಿ ಪುಡಿ ಕೂರುತ್ತದೆ. ಅಂಥದ್ದನ್ನು ಬಿಸಾಡಿ, ಊದಬೇಡಿ, ಅದು ವಿಷ. ಡಬ್ಬಿಯನ್ನು ಸಿಲಿಕಾ ಜೆಲ್ ಜೊತೆ ಮುಚ್ಚಿಡಿ. ಪೆಲೆಟ್ ಮುಟ್ಟಿದ ಕೈಯಲ್ಲಿ ಕಾಫಿ ಲೋಟ ಹಿಡಿಯುವ ಮೊದಲು ಸೋಪು ಹಾಕಿ ತೊಳೆಯಿರಿ.

ಹೊಡೆಯುವವರು

ಓರೆ ಹಿಡಿತದ ಲೆಕ್ಕ ನೋಡಿ: ರೈಫಲ್ 5 ಡಿಗ್ರಿ ವಾಲಿದರೆ, ಆ 17-18 ಮಿ.ಮೀ ಬೀಳುವಿಕೆಗೆ ಮಾಡಿದ ಹೊಂದಾಣಿಕೆಯೂ ವಾಲುತ್ತದೆ, ಗುಂಡು 1.5 ಮಿ.ಮೀ ಪಕ್ಕಕ್ಕೆ ಸರಿಯುತ್ತದೆ. ಅರ್ಧ ರಿಂಗಿಗಿಂತ ಹೆಚ್ಚು. ಓರೆ ಹಿಡಿಯುವುದು ತಪ್ಪಲ್ಲ, ಪ್ರತಿ ಸಲ ಬೇರೆ ಬೇರೆ ಓರೆ ತಪ್ಪು. ಮುಂದಿನ ಸೈಟ್‌ಗೆ ಸಣ್ಣ ಸ್ಪಿರಿಟ್ ಲೆವೆಲ್ ಹಾಕಿದರೆ ಒಂದೇ ದಿನದಲ್ಲಿ ತಿಳಿಯುತ್ತದೆ.

ಟಾರ್ಗೆಟ್‌ನ ಹಿಂಬದಿಯ ಬಿಳಿ ಕಾಗದಕ್ಕೆ 10 ಗುಂಡು ಹೊಡೆಯಿರಿ, ಗುರಿ ಇಲ್ಲದೆ, ಟ್ರಿಗರ್ ಒಂದನ್ನೇ ಗಮನಿಸುತ್ತ. ಒತ್ತಿದ ಮೇಲೂ ಎರಡು ಎಣಿಸುವವರೆಗೆ ಕೆನ್ನೆ ಎತ್ತಬೇಡಿ. ಸ್ಪ್ರಿಂಗ್ ರೈಫಲ್‌ನಲ್ಲಿ ಇದು ಇನ್ನೂ ಮುಖ್ಯ, ಏಕೆಂದರೆ ಪೆಲೆಟ್ ಬ್ಯಾರಲ್ ಬಿಡುವ ಮೊದಲೇ ಒದೆತ ಶುರುವಾಗಿರುತ್ತದೆ. ಅದನ್ನು ಬಿಗಿಯಾಗಿ ಅವುಚಿದಷ್ಟೂ ಗ್ರೂಪ್ ಕೆಡುತ್ತದೆ. ಅಂಗೈ ತೆರೆದು, ಪ್ರತಿ ಸಲ ಸ್ಟಾಕ್‌ನ ಅದೇ ಜಾಗದಲ್ಲಿ ಇಟ್ಟು, ಒದೆಯಲು ಬಿಡಿ.

ಬೆಳಕನ್ನೂ ನೋಡಿ. ಸ್ಪರ್ಧೆಯಲ್ಲಿ ಟಾರ್ಗೆಟ್ ಮೇಲೆ ಕನಿಷ್ಠ 1500 ಲಕ್ಸ್ ಇರಬೇಕು. ಕರೆಂಟು ಹೋಗಿ ಇನ್ವರ್ಟರ್‌ನ ಒಂದೇ ಬಲ್ಬ್ ಉಳಿದಾಗ ಗ್ರೂಪ್ ಪರೀಕ್ಷೆ ನಿಲ್ಲಿಸಿ.

ಇಷ್ಟಾದರೂ ಹಿಡಿತಕ್ಕೆ ಸಿಗದಿದ್ದರೆ, ಅಥವಾ ಬ್ಯಾರಲ್ ತುದಿಯಲ್ಲಿ ಮುಳ್ಳು ಸಿಕ್ಕಿದ್ದರೆ, ಮೈಸೂರಿನ ಹೆಬ್ಬಾಳ ಕೈಗಾರಿಕಾ ಪ್ರದೇಶದಲ್ಲೋ ಮಂಡ್ಯ ಕಡೆಯ ತೂಬಿನಕೆರೆಯಲ್ಲೋ ಲೇತ್ ಇಟ್ಟುಕೊಂಡವರ ಹತ್ತಿರ ಒಯ್ದು ತುದಿ ಕತ್ತರಿಸಬೇಡಿ. ಅಧಿಕೃತ ಡೀಲರ್‌ಗೆ ಕಳಿಸಿ. ಜೊತೆಗೆ 10ರ ಮೂರು ಟಾರ್ಗೆಟ್ ಕಾಗದ, ಪ್ರತಿಯೊಂದರ ಮೇಲೂ ಪೆಲೆಟ್ ಬ್ಯಾಚ್ ಮತ್ತು ತಲೆಯ ಅಳತೆ, ಹೊಡೆದಾಗಿನ ಸಿಲಿಂಡರ್ ಒತ್ತಡ, ಸಿಕ್ಕಿದ್ದರೆ ವೇಗದ ಪಟ್ಟಿ, ಈಗಾಗಲೇ ಏನೇನು ಬಿಗಿಮಾಡಿ ಬದಲಿಸಿದ್ದೀರಿ ಎಂಬ ಚೀಟಿ ಇಡಿ. ಸಿಲಿಂಡರ್ ಬಿಚ್ಚಿ, ಗಾಳಿ ಖಾಲಿ ಮಾಡಿ, ಬೇರೆ ಪೊಟ್ಟಣದಲ್ಲಿ ಕಳಿಸಿ.